ಹಾಲು ಒಡೆಸಿದ ದನಿ

ನಮ್ಮೂರ ರೇಡಿಯೋದಲ್ಲಿ ಇವತ್ತು ಆಡಿದ ಮಾತು ಊರಿಗೆ ಕೇಳಿಸುವುದು ಒಂಬತ್ತು ದಿನದ ಮೇಲೆ. ಮಂಗಳವಾರ ಹತ್ತು ಗಂಟೆಗೆ ನೀವು ಮೈಕಿನ ಮುಂದೆ ಸೀನಿದರೆ, ಮುಂದಿನ ವಾರ ಗುರುವಾರ ಹತ್ತು ಗಂಟೆಗೆ ಸರಿಯಾಗಿ ಮನೆಮನೆಯಲ್ಲೂ ಆ ಸೀನು ಕೇಳುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ನೆಗಡಿ ವಾಸಿಯಾಗಿರುತ್ತದೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಶುರುವಿನಲ್ಲಿ ದೊಡ್ಡ ಊರಿನಿಂದ ಇಬ್ಬರು ಎಂಜಿನಿಯರುಗಳು ಬಂದು, ಗುಡ್ಡದ ಮೇಲಿನ ಕಂಬ ಹತ್ತಿ ಇಳಿದು, ಎರಡೆರಡು ತಟ್ಟೆ ಉಪ್ಪಿಟ್ಟು ತಿಂದು, ಎಲ್ಲಾ ಸರಿಯಾಗಿಯೇ ಇದೆ ಅಂತ ಬರೆದುಕೊಟ್ಟು ಹೋದರು. ಆ ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ.

ನಿಲಯ ಕಟ್ಟಿದವರು ದಾಮೋದರಯ್ಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಬೇರೆಯವರ ಮಾತಿಗೆ ತಂತಿ ಸೇರಿಸಿ ಸೇರಿಸಿ ಬೇಸತ್ತು, ನಿವೃತ್ತಿಯಾದ ಮೇಲೆ ತಾವೂ ಒಂದಿಷ್ಟು ಮಾತಾಡಬೇಕು ಅಂತ ಆಸೆಪಟ್ಟ ಮನುಷ್ಯ. ಮೊದಲ ದಿನ ಕೋಟು ಹಾಕಿಕೊಂಡು ಅರ್ಧ ಗಂಟೆ ಸ್ವಾಗತ ಭಾಷಣ ಓದಿದರಂತೆ. ಊರಿನವರು ರೇಡಿಯೋಗೆ ಕಿವಿ ಹಚ್ಚಿ ಕೂತರೆ ಬರೀ ಗೊರಗೊರ. ಎಂಟು ದಿನ ಜನ ಅವರನ್ನು ಕಂಡಕಂಡಲ್ಲಿ ಆಡಿಕೊಂಡು ನಕ್ಕರು. ಒಂಬತ್ತನೇ ದಿನ ಅವರು ಕ್ಷೌರದಂಗಡಿಯಲ್ಲಿ ಮುಖಕ್ಕೆಲ್ಲ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಅಲ್ಲಿದ್ದ ರೇಡಿಯೋ ಅವರದೇ ದನಿಯಲ್ಲಿ 'ಮಹನೀಯರೇ, ಮಹಿಳೆಯರೇ' ಅಂದಿತು. ಸೋಪಿನ ಮುಖದಲ್ಲೇ ಬೀದಿಗೆ ಓಡಿದರಂತೆ. ನಾನು ಆಗಿನ್ನೂ ನಿಲಯ ಸೇರಿರಲಿಲ್ಲ, ಆದರೆ ಕ್ಷೌರದಂಗಡಿಯವನು ಇವತ್ತಿಗೂ ಗಿರಾಕಿಗಳಿಗೆ ಆ ಕುರ್ಚಿ ತೋರಿಸುತ್ತಾನೆ.

ಜನ ಎಂಥದ್ದಕ್ಕೂ ಒಗ್ಗಿಕೊಳ್ಳುತ್ತಾರೆ ಬಿಡಿ. ನಮ್ಮದು ಬರೀ ಸುದ್ದಿ ಮತ್ತು ಮಾತಿನ ರೇಡಿಯೋ. ಬೆಳಿಗ್ಗೆ ಏಳಕ್ಕೆ ವಾರ್ತೆ. ಎಂಟಕ್ಕೆ ತರಕಾರಿ ಧಾರಣೆ, ಅದು ಕೊಳ್ಳೋದಕ್ಕಲ್ಲ, ಸಂತೆಯಲ್ಲಿ ಜಗಳ ಆಡೋದಕ್ಕೆ ಉಪಯೋಗ. ಎಮ್ಮೆ ಕಳೆದುಹೋಗಿದೆ ಅನ್ನುವ ಪ್ರಕಟಣೆ ಬರುವ ಹೊತ್ತಿಗೆ ಎಮ್ಮೆ ಮನೆಗೆ ಬಂದು ವಾರವಾಗಿರುತ್ತದೆ, ಆದರೂ ಕೇಳಿದ ಪುಣ್ಯಾತ್ಮರು ಇನ್ಯಾರದೋ ಎಮ್ಮೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಸಾವಿನ ಸುದ್ದಿ ಕೇಳಿ ಹೊರಡುವ ದೂರದ ನೆಂಟರು ಅಳುವುದಕ್ಕೆ ತಡವಾದರೂ ವೈಕುಂಠದ ಊಟಕ್ಕೆ ಸರಿಯಾಗಿ ತಲುಪುತ್ತಾರೆ. ಕಬಡ್ಡಿ ಪಂದ್ಯದ ವಿವರಣೆ ಬರುವಾಗ ಆಡಿದ ಹುಡುಗರೇ ಟೀ ಅಂಗಡಿಯಲ್ಲಿ ಕೂತು, ನಾನು ಔಟಾಗಿರಲಿಲ್ಲ ಕಣ್ರೀ ಅಂತ ರೇಡಿಯೋ ಜೊತೆ ವಾದ ಮಾಡುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಹತ್ತು ಗಂಟೆಯ 'ಹೇಳಿ, ಹಗುರಾಗಿ'. ಹದಿನೈದು ನಿಮಿಷ, ಯಾರು ಬೇಕಾದರೂ ಫೋನು ಮಾಡಿ ಮನಸ್ಸಿನಲ್ಲಿದ್ದದ್ದನ್ನು ಹೇಳಬಹುದು. ಅತ್ತಿಗೆಯ ಮೇಲಿನ ಸಿಟ್ಟು, ಓನರ್ ಮೇಲಿನ ಸಿಟ್ಟು, ಎಲ್ಲ ಅಲ್ಲೇ. ತೊಂದರೆ ಏನೆಂದರೆ, ಇವತ್ತು ಬೈದು, ನಾಳೆ ರಾಜಿಯಾಗಿ, ನಾಡಿದ್ದು ಒಟ್ಟಿಗೆ ಸಿನಿಮಾಕ್ಕೂ ಹೋಗಿಬಂದಿರುತ್ತಾರೆ, ಆಮೇಲೆ ಬೈಗುಳ ಬರುತ್ತದೆ. ಅದಕ್ಕೇ ನಮ್ಮೂರಲ್ಲಿ ಒಂದು ಪದ್ಧತಿ ಬೆಳೆದಿದೆ. ರೇಡಿಯೋದಲ್ಲಿ ಯಾರ ಬಗ್ಗೆ ಮಾತಾಡಿದಿರೋ, ಒಂಬತ್ತನೇ ದಿನ ಆ ಹೊತ್ತಿಗೆ ಅವರ ಮನೆಗೆ ಹೋಗಿ, ಅವರ ರೇಡಿಯೋ ಮುಂದೆ ಅವರ ಜೊತೆಗೇ ಕೂತು ಕೇಳಬೇಕು. ಮನೆಯವರು ಮಾತು ಬರುವ ಮುಂಚೆಯೇ ತಿನ್ನಲು ಏನಾದರೂ ಕೊಡಬೇಕು, ಕೇಳಿದ ಮೇಲೆ ಕೊಡುವ ಮನಸ್ಸು ಉಳಿಯುತ್ತೋ ಇಲ್ಲವೋ ಯಾರಿಗೆ ಗೊತ್ತು. ಕೂರದೆ ತಪ್ಪಿಸಿಕೊಂಡವರಿಗೆ ನಮ್ಮೂರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಈ ಕಾರ್ಯಕ್ರಮ ನಡೆಸುವವರು ಪಂಕಜಾಕ್ಷಿ ಮೇಡಂ. ಬೆಳಗಿನ ವಾರ್ತೆಯೂ ಅವರದೇ, ಇಪ್ಪತ್ತಾರು ವರ್ಷದಿಂದ. ಫೋನು ಮಾಡಿ ಗೋಳಾಡುವವರಿಗೆಲ್ಲ ಅವರ ಉತ್ತರ ಒಂದೇ: ಹೋಗಿ ನೇರ ಹೇಳಿಬಿಡಿ, ಎದೆ ಹಗುರಾಗುತ್ತೆ. ಅದನ್ನು ಅವರು ಎಷ್ಟು ಮೆತ್ತಗೆ ಹೇಳುತ್ತಿದ್ದರು ಅಂದರೆ, ಹೇಳಿ ಒದೆ ತಿಂದು ಬಂದವರೂ ಮತ್ತೆ ಅವರಿಗೇ ಫೋನು ಮಾಡುತ್ತಿದ್ದರು. ನಾನು ಮರಿಸ್ವಾಮಿ, ಗಾಜಿನ ಆಚೆ ಕೂತು ಗುಂಡಿ ತಿರುಗಿಸುವವನು. ಹದಿನೆಂಟು ವರ್ಷವಾಯಿತು.

ಮೇಡಂಗಿಂತ ಮುಂಚೆ ವಾರ್ತೆ ಓದುತ್ತಿದ್ದದ್ದು ಅವರ ಸ್ವಂತ ಅಕ್ಕ ವಿಶಾಲಾಕ್ಷಿ. ಊರ ಮೊದಲ ದನಿ. ಒಂದು ದಿನ ದಾಮೋದರಯ್ಯನವರಿಗೆ ಹೆಸರಿಲ್ಲದ ಕಾಗದ ಬಂತು. 'ಬೆಳಗಿನ ವಾರ್ತೆ ಓದುವ ಹೆಂಗಸಿನ ದನಿಗೆ ನಮ್ಮ ಮನೆಯಲ್ಲಿ ಒಲೆ ಮೇಲಿನ ಹಾಲು ಒಡೆಯುತ್ತಿದೆ. ದಯವಿಟ್ಟು ಕ್ರಮ ಕೈಗೊಳ್ಳಬೇಕು.' ದಾಮೋದರಯ್ಯ ತಮಾಷೆ ತಿಳಿಯದ ಮನುಷ್ಯ. ಶ್ರೋತೃಗಳ ಹಾಲಿನ ಪ್ರಶ್ನೆ ಅಂತ ಕ್ರಮ ಕೈಗೊಂಡೇಬಿಟ್ಟರು. ವಾರ್ತೆ ತಂಗಿಗೆ, ತರಕಾರಿ ಧಾರಣೆ ಅಕ್ಕನಿಗೆ. ಅಕ್ಕ ಬದನೆಕಾಯಿ ಓದಲು ನಾನು ಹುಟ್ಟಿಲ್ಲ ಅಂತ ಎದ್ದು ಹೋದವರು ಮತ್ತೆ ನಿಲಯದ ಗುಡ್ಡ ಹತ್ತಲೇ ಇಲ್ಲ, ಆ ಕುರ್ಚಿಯಲ್ಲಿ ಕೂತ ತಂಗಿಯ ಜೊತೆ ಮಾತೂ ಆಡಲಿಲ್ಲ.

ಆಮೇಲೆ ಅವರು ಮದುವೆಮನೆಗಳಿಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ ಇಟ್ಟರು. ಕಾಗದ ಬರೆದವರು ಯಾರು ಅಂತ ವರ್ಷಕ್ಕೊಬ್ಬರ ಮೇಲೆ ಅನುಮಾನ. ಅನುಮಾನ ಬಿದ್ದ ಮನೆಗೆ ಆ ವರ್ಷವೆಲ್ಲ ತೂತಿನ ಕೊಳದಪ್ಪಲೆಯೇ ಗತಿ. ಯಾರದಾದರೂ ಮದುವೆಯಲ್ಲಿ ಸಾರು ಸೋರಿದರೆ ಊರಿಗೆ ತಿಳಿಯುತ್ತಿತ್ತು, ಈ ಸಲ ಇವರ ಪಾಳಿ ಅಂತ. ತಂಗಿಯ ಮೇಲೆ ಮಾತ್ರ ಅವರಿಗೆ ಯಾವತ್ತೂ ಅನುಮಾನ ಬರಲಿಲ್ಲ. ಕುರ್ಚಿ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ ಅನ್ನುವ ಸಿಟ್ಟು, ಅಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಮಂಗಳವಾರ 'ಹೇಳಿ, ಹಗುರಾಗಿ'ಗೆ ಒಬ್ಬ ಹೆಂಗಸು ಫೋನು ಮಾಡಿ, ಅತ್ತೆಯ ಒರಳು ಒಡೆದದ್ದು ತಾನೇ, ಹನ್ನೆರಡು ವರ್ಷದಿಂದ ಬೆಕ್ಕಿನ ಮೇಲೆ ಹಾಕಿಕೊಂಡು ಬಂದಿದ್ದೇನೆ ಅಂತ ಅತ್ತಳು. ಕಲ್ಲಿನ ಒರಳನ್ನು ಬೆಕ್ಕು ಹೇಗೆ ಒಡೆಯಿತು ಅಂತ ಆ ಅತ್ತೆ ಕೇಳಲಿಲ್ಲವಂತೆ, ದೊಡ್ಡ ಮನಸ್ಸು. ಮೇಡಂ ಎಂದಿನ ಹಾಗೆ ಹೇಳಿಬಿಡಮ್ಮ ಅಂದರು. ಕಾರ್ಯಕ್ರಮ ಮುಗಿಯಿತು, ನಾನು ಹಾರ್ಮೋನಿಯಂ ಟೇಪು ಹಾಕಿ ಟೀ ತಗೊಂಡು ಮೈಕಿನ ಕೋಣೆಯಲ್ಲಿದ್ದ ಅವರ ಹತ್ತಿರ ಹೋದೆ. ಸುಮ್ಮನಿರಲಾರದೆ, ನಿಮಗೇನು ಮೇಡಂ ಹೇಳೋದು ಸುಲಭ, ನಿಮ್ಮ ಹತ್ರ ಮುಚ್ಚಿಡೋದು ಏನಿದೆ ಅಂತ ಕೆಣಕಿದೆ. ಅವರು ಟೀ ಲೋಟವನ್ನೇ ನೋಡುತ್ತಾ ಹೇಳಿದರು, ಆ ಹಾಲಿನ ಕಾಗದ ಬರೆದದ್ದು ತಾನೇ ಅಂತ. ಎಡಗೈಯಲ್ಲಿ ಬರೆದರಂತೆ, ಅಕ್ಷರ ಗುರುತು ಸಿಗಬಾರದು ಅಂತ. ಇನ್ನೂ ಏನೇನೋ ಹೇಳಿದರು.

ಮಧ್ಯಾಹ್ನ ಬೀಗ ಹಾಕಲು ಹೋದಾಗ ಮೈಕಿನ ಗುಂಡಿ ಮೇಲಕ್ಕೇ ಇತ್ತು. ಇಳಿಸಲು ಮರೆತಿದ್ದೆ, ಟೀ ಮಾತೆಲ್ಲ ಪ್ರಸಾರಕ್ಕೆ ಹೋಗಿತ್ತು. ಬೇರೆ ಯಾವ ಊರಿನಲ್ಲಾದರೂ ಎರಡೇ ನಿಮಿಷಕ್ಕೆ ಯಾರಾದರೂ ಫೋನು ಮಾಡಿ, ಏನ್ರೀ ನಿಮ್ಮ ಟೀ ಪುರಾಣ ಕೇಳಿಸ್ತಾ ಇದೆ ಅನ್ನುತ್ತಿದ್ದರು. ನಮ್ಮೂರಲ್ಲಿ ಯಾರು ಅನ್ನಬೇಕು, ಅವತ್ತು ಊರಿಗೆ ಕೇಳಿಸುತ್ತಿದ್ದದ್ದು ಹಿಂದಿನ ವಾರದ ಭಾನುವಾರದ್ದು. ಮೈಕು ತೆರೆದಿದೆ ಅಂತ ತೋರಿಸುವ ಬಾಗಿಲ ಮೇಲಿನ ಕೆಂಪು ದೀಪ ಸುಟ್ಟು ಆರು ತಿಂಗಳಾಗಿತ್ತು, ಒಂಬತ್ತು ದಿನ ಟೈಮಿದೆಯಲ್ಲ ಅನ್ನುವ ಸೋಮಾರಿತನದಲ್ಲೇ ನಾವೆಲ್ಲ ಬದುಕುತ್ತಿದ್ದೆವು. ಹೋದ ಮಾತು ಹೋಯಿತು. ಹಿಂದೊಮ್ಮೆ ಒಬ್ಬ ದೊಡ್ಡ ಮನುಷ್ಯರು ಮಾವನ ಬಗ್ಗೆ ಆಡಬಾರದ್ದು ಆಡಿ, ಒಂಬತ್ತನೇ ದಿನ ಕಾಲು ಹಿಡಿದು ನಿಲಯದ ಮೇನ್ ಸ್ವಿಚ್ಚೇ ತೆಗೆಸಿದ್ದರು. ಮಾತು ಬಂದೇ ಬಂತು, ಎಂದಿಗಿಂತ ಸ್ಪಷ್ಟವಾಗಿ ಬಂತು ಅಂತ ಮಾವ ಹೇಳಿದರಂತೆ.

ಮೇಡಂಗೆ ಹೇಳಲು ನನಗೆ ಮೂರು ದಿನ ಬೇಕಾಯಿತು. ಶುಕ್ರವಾರ ಹೇಳಿದೆ. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತರೆ ಬೈಯಲಿಲ್ಲ. ಬೆರಳು ಮಡಚಿ ಎಣಿಸಿದರು. ಗುರುವಾರ ಅಂದರು. ಅಕ್ಕ ತನ್ನ ಜೊತೆ ಮಾತು ಬಿಟ್ಟಿದ್ದರೂ ಹಬ್ಬದ ದಿನ ಎದುರು ಬಂದರೆ ನಿಂತು ನೋಡುತ್ತಿದ್ದಳು, ಈ ಮಾತು ಕೇಳಿದ ಮೇಲೆ ಆ ನೋಟವೂ ಇರುವುದಿಲ್ಲ ಅಂದರು. ಊರು ಉಗಿಯುವುದರ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಹಾಗಾದರೆ ರೇಡಿಯೋ ಹೇಳುವ ಮುಂಚೆ ನೀವೇ ಹೋಗಿ ಹೇಳಿಬಿಡಿ ಮೇಡಂ ಅಂದೆ. ನಾನು ಎಂಥ ಮಾತು ಹೇಳಿದೆ ಅಂತ ಆಮೇಲೆ ನನಗೇ ನಗು ಬಂತು, ಆದರೆ ಅವರು ನಗಲಿಲ್ಲ.

ಶನಿವಾರ ಇಬ್ಬರೂ ಪಾತ್ರೆ ಅಂಗಡಿಗೆ ಹೋದೆವು. ವಿಶಾಲಾಕ್ಷಿಯಮ್ಮ ಗಲ್ಲಾದ ಹಿಂದೆ ಕೂತು ಸೌಟುಗಳನ್ನು ಒರೆಸುತ್ತಿದ್ದರು. ತಂಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ, ಏನು ಬೇಕಂತೆ ಮರಿಸ್ವಾಮಿ ಅಂದರು. ಮೇಡಂ ಬಾಯಿ ತೆರೆದರು. ಅವರ ಬಾಯಿಂದ ಬಂದದ್ದು, ನಿಲಯದ ವಾರ್ಷಿಕೋತ್ಸವಕ್ಕೆ ಐವತ್ತು ಜನಕ್ಕಾಗುವ ಕೊಳದಪ್ಪಲೆ ಬೇಕು ಅಂತ. ನಾಲ್ಕು ಮಾತು ಬೇಕಾದಲ್ಲಿ ಒಂದು ಪಾತ್ರೆ ಹೊತ್ತು ಗುಡ್ಡ ಹತ್ತಿದೆವು. ಹೊತ್ತವನು ನಾನು, ಅದನ್ನೂ ಹೇಳಿಬಿಡುತ್ತೇನೆ.

ಭಾನುವಾರ ಅದನ್ನು ವಾಪಸು ಕೊಡುವ ನೆಪದಲ್ಲಿ ಹೇಳುವುದು ಅಂತಾಯಿತು. ಅಂಗಡಿಗೆ ಹೋದ ಮೇಲೆ ಮೇಡಂ, ಇದು ಸಾಕಾಗಲ್ಲ, ನೂರು ಜನಕ್ಕಾಗುವುದು ಬೇಕು ಅಂದರು. ಮಂಗಳವಾರ ಇನ್ನೂರು ಜನದ್ದು ಬಂತು, ಕೊಡಲು ಹೊತ್ತೊಯ್ದದ್ದನ್ನೂ ಗಾಬರಿಯಲ್ಲಿ ಹೊತ್ತುಕೊಂಡೇ ವಾಪಸು ತಂದಿದ್ದೆವು. ನಿಲಯದ ಜಗಲಿ ಮೇಲೆ ಮೂರು ಕೊಳದಪ್ಪಲೆ ಸಾಲಾಗಿ ಕೂತವು. ನಾಲಗೆಯೇ ಏಳಲ್ಲ ಮರಿಸ್ವಾಮಿ ಅಂತ ಮೇಡಂ ಅತ್ತರು. ಇಡೀ ಊರಿಗೆ ಹೇಳಿಬಿಡಿ ಹೇಳಿಬಿಡಿ ಅಂತ ಇಪ್ಪತ್ತಾರು ವರ್ಷ ಬೋಧನೆ ಮಾಡಿದ ಹೆಂಗಸು! ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಸೊಂಟ ನೋವು.

ನಾನೂ ಸುಮ್ಮನೆ ಕೂತಿರಲಿಲ್ಲ. ಬುಧವಾರ ಒಬ್ಬನೇ ಹೋಗಿ, ನಿಮ್ಮ ರೇಡಿಯೋ ರಿಪೇರಿ ಮಾಡಿಕೊಡಲಾ, ಎರಡು ದಿನ ಇಟ್ಟುಕೊಂಡು ಕೊಡ್ತೀನಿ ಅಂದೆ. ಚೆನ್ನಾಗೇ ಇದೆ, ನಾನೇನು ನಿಮ್ಮ ರೇಡಿಯೋ ಕೇಳ್ತೀನಾ ಅಂದರು. ಹಾಗಂದವರೇ, ಸೌಟು ಒರೆಸುತ್ತಾ, ಮೊನ್ನೆ ಬಸ್ ಮಗುಚಿದ ಸುದ್ದಿಯನ್ನು ಅವಳು ಓಡೋಡಿಕೊಂಡು ಓದಿಬಿಟ್ಟಳು, ದುಃಖದ ಸುದ್ದಿಗೆ ಉಸಿರು ನಿಲ್ಲಿಸಬೇಕು, ಅವಳಿಗೆ ಹೇಳು ಅಂದರು. ಅವರ ರೇಡಿಯೋದ ತಿರುಗಣೆ ನಮ್ಮ ನಿಲಯದ ಗೆರೆಯಲ್ಲೇ ತುಕ್ಕು ಹಿಡಿದು ಕೂತಿತ್ತು. ಸುಮ್ಮನೆ ಬಂದೆ.

ಗುರುವಾರ ಒಂದು ಗಂಟೆಯ ಉದ್ದದ ಟೇಪು ಹಾಕಿ, ಮೈಕಿನ ಗುಂಡಿ ಎರಡು ಸಲ ನೋಡಿ, ನಿಲಯಕ್ಕೆ ಬೀಗ ಹಾಕಿದೆವು. ಕೂರುವ ಪದ್ಧತಿ ನನಗೂ ಇತ್ತು, ಆ ಟೀ ಮಾತಿನಲ್ಲಿ ನಾನೂ ನಿಮ್ಮಕ್ಕನ ಸಿಟ್ಟು ಎಂಥದು ಮಾರಾಯ್ತಿ ಅಂದಿದ್ದೆ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ನಾವು ಬರಿಗೈಯಲ್ಲಿ ಮನೆ ಬಾಗಿಲಲ್ಲಿ ನಿಂತದ್ದನ್ನು ನೋಡಿ ವಿಶಾಲಾಕ್ಷಿಯಮ್ಮನಿಗೆ ಅರ್ಥವಾಯಿತು. ನಮ್ಮೂರಲ್ಲಿ ಆ ಹೊತ್ತಿಗೆ ಆ ಮುಖ ಹೊತ್ತು ಬಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಚಾಪೆ ಹಾಸಿದರು. ಒಳಗೆ ಹೋಗಿ ಒಗ್ಗರಣೆ ಅವಲಕ್ಕಿ ಮಾಡಿ ತಂದು ಮೂರು ತಟ್ಟೆಯಲ್ಲಿಟ್ಟರು. ರೇಡಿಯೋ ಹಾಕಿ ತಾವೂ ಕೂತರು. ಮೇಡಂ ಅವಲಕ್ಕಿಯನ್ನು ಬೆರಳಲ್ಲಿ ಕೆದಕುತ್ತಿದ್ದರು, ಬಾಯಿಗೆ ಹೋಗುತ್ತಿರಲಿಲ್ಲ.

ಒರಳು ಒಡೆದ ಹೆಂಗಸು ಅತ್ತಳು. ಮೇಡಂ ರೇಡಿಯೋದಲ್ಲಿ ಹೇಳಿಬಿಡಮ್ಮ ಅಂದರು. ಕಾರ್ಯಕ್ರಮ ಮುಗಿದು ಹಾರ್ಮೋನಿಯಂ ಶುರುವಾಯಿತು. ಹಾರ್ಮೋನಿಯಂ ನಡುವೆ ಬಾಗಿಲು ಕಿರುಗುಟ್ಟಿ, ಟೀ ಆರಿಹೋಗತ್ತೆ ಮೇಡಂ ಅನ್ನುವ ನನ್ನದೇ ದನಿ ಬಂತು. ವಿಶಾಲಾಕ್ಷಿಯಮ್ಮ ಕೈ ಚಾಚಿ ರೇಡಿಯೋ ಆರಿಸಿಬಿಟ್ಟರು. ತಂಗಿಯ ಕಡೆ ತಿರುಗಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡಿದರು.

"ಏನೋ ಅಂದಿದ್ದೀಯ. ಒಂಬತ್ತು ದಿನದ ತಂಗಳು ನನಗೆ ಬೇಡ. ಏನಂದೆ ಅಂತ ಈಗ ಹೇಳು."

ಪಕ್ಕದ ಮನೆಯ ರೇಡಿಯೋ ಗೋಡೆಯಾಚೆ ಹಾಡುತ್ತಲೇ ಇತ್ತು. ಆ ಮಾತು ಬರಲು ಹೆಚ್ಚೆಂದರೆ ಒಂದು ನಿಮಿಷ ಉಳಿದಿತ್ತು, ನನಗೆ ಗೊತ್ತಿತ್ತಲ್ಲ. ನಾನು ಮೇಡಂ ಮುಖ ನೋಡಿದೆ. ಅವರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಏಳು ಗಂಟೆಯ ದನಿಯಲ್ಲಿ, ಇಪ್ಪತ್ತಾರು ವರ್ಷಗಳ ಹಿಂದೆ ನಿಲಯಕ್ಕೆ ಬಂದ ಅನಾಮಧೇಯ ಪತ್ರವನ್ನು ಅಂತ ಶುರುಮಾಡಿದರು.

"ವಾರ್ತೆ ಓದಬೇಡ ಕಣೇ," ಅಂದರು ಅಕ್ಕ. "ಇಲ್ಲಿ ಊರಿಲ್ಲ, ನಾನಿದ್ದೀನಿ. ನನಗೆ ಹೇಳು."

ಮೇಡಂ ಬೆನ್ನು ಕುಸಿಯಿತು. "ನಾನೇ ಬರೆದೆ ಅಕ್ಕ. ಆ ಕುರ್ಚಿ ನನಗೆ ಬೇಕಿತ್ತು."

ಅಷ್ಟು ಅಂದು ಒಂದು ಗುಟುಕು ಉಸಿರು ತಗೊಳ್ಳುವಷ್ಟರಲ್ಲಿ ಗೋಡೆಯಾಚೆಯಿಂದ ಅದೇ ಮಾತು ಬಂತು. ಆಚೆ ಮನೆಯಲ್ಲಿ ಯಾರೋ ಲೋಟ ಬೀಳಿಸಿದರು. ಎಡಗೈ ವಿಷಯ ಬಂತು. ನನ್ನ ಮಾರಾಯ್ತಿ ಬಂತು. ಆಮೇಲೆ ಮೇಡಂ ಅವತ್ತು ಟೀ ಲೋಟ ನೋಡುತ್ತಾ ಹೇಳಿದ್ದು ಬಂತು: ಕುರ್ಚಿ ಸಿಕ್ಕಿತು, ಆದರೆ ಒಂದು ದಿನವೂ ನೆಮ್ಮದಿಯಾಗಿ ಕೂತಿಲ್ಲ, ಇವತ್ತಿಗೂ ಅಕ್ಕ ಎದುರಿಗೆ ಕೂತು ತಪ್ಪು ಹಿಡೀತಿದಾಳೆ ಅಂದುಕೊಂಡೇ ಓದೋದು, ಅವಳ ಹಾಗೆ ಓದೋಕೆ ನನ್ನ ಕೈಲಿ ಆಗಲ್ಲ. ಬೀದಿಯಲ್ಲಿ ಒಂದೊಂದೇ ರೇಡಿಯೋ ಆರಿತು. ಮರ್ಯಾದೆಗೋ, ಈ ಮನೆಯೊಳಗೆ ಏನು ನಡೀತಿದೆ ಕೇಳಿಸಿಕೊಳ್ಳೋದಕ್ಕೋ, ದೇವರಿಗೇ ಗೊತ್ತು.

ವಿಶಾಲಾಕ್ಷಿಯಮ್ಮ ಬಾಗಿಲು ತೋರಿಸುತ್ತಾರೆ ಅಂತಲೇ ನಾನು ಚಪ್ಪಲಿ ಎಲ್ಲಿದೆ ಅಂತ ನೋಡಿಕೊಂಡೆ. ಅವರ ಕಣ್ಣಲ್ಲಿ ನೀರು ತುಂಬಿ, ಗಲ್ಲದ ಮೇಲೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ಹಾಲು ಒಡೆಯತ್ತೆ ಅಂತ ಬರೆದೆಯಲ್ಲೇ," ಅಂದರು. "ನಾನು ನಂಬಿಬಿಟ್ಟೆ. ಅವತ್ತಿನಿಂದ ಒಲೆ ಮೇಲೆ ಹಾಲಿಟ್ಟಾಗ ನಾನು ಬಾಯಿ ತೆರೆದಿಲ್ಲ, ಗೊತ್ತಾ? ಆಗ ಕೈಗೂಸಾಗಿದ್ದ ನನ್ನ ಮಗು ಅತ್ತರೂ ಓಗೊಡುತ್ತಿರಲಿಲ್ಲ."

ಮೇಡಂ ತಟ್ಟೆ ಪಕ್ಕಕ್ಕಿಟ್ಟು ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟರು, ಐವತ್ತು ದಾಟಿದ ಹೆಂಗಸು. ಅಕ್ಕ ಅವರ ಬೆನ್ನಿಗೆ ಒಂದು ಗುದ್ದು ಗುದ್ದಿದರು, ಚೆನ್ನಾಗೇ ಬಿತ್ತು. ಆಮೇಲೆ ಗುದ್ದಿದ ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತರು. ನನಗೂ ಅಳು ಬಂತು. ನೀನ್ಯಾಕೆ ಅಳ್ತೀಯ, ಅವಲಕ್ಕಿ ತಿನ್ನು ಅಂತ ಬೈಸಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ವಿಶಾಲಾಕ್ಷಿಯಮ್ಮ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಬಂದವರೇ ಜಗಲಿಯಲ್ಲಿದ್ದ ಮೂರೂ ಕೊಳದಪ್ಪಲೆಗಳನ್ನು ಬೆರಳಲ್ಲಿ ತಟ್ಟಿ ನೋಡಿದರು, ಒಳಗೆ ಬಂದು ಕುರ್ಚಿಯ ಧೂಳು ಸೆರಗಲ್ಲಿ ಒರೆಸಿದರು. ಮೇಡಂ ಕಾಗದ ಕೊಟ್ಟು ಪಕ್ಕಕ್ಕೆ ನಿಂತರು. ನಾನು ಕೆಂಪು ದೀಪಕ್ಕೆ ಹೊಸ ಬಲ್ಬು ಹಾಕಿದ್ದೆ. ಅಕ್ಕ ಏಳರ ವಾರ್ತೆ ಓದಿದರು. ದನಿ ಸ್ವಲ್ಪ ನಡುಗಿತು, ಮುಪ್ಪಿನ ದನಿ, ಆದರೆ ಪಕ್ಕದೂರಿನ ಅಜ್ಜಿಯೊಬ್ಬರು ತೀರಿಕೊಂಡ ಸುದ್ದಿ ಬಂದಾಗ ಹೆಸರಿನ ಮುಂಚೆ ಒಂದು ಉಸಿರು ನಿಲ್ಲಿಸಿದರು. ಹದಿನೆಂಟು ವರ್ಷದಲ್ಲಿ ನಾನು ಸಾವಿನ ಸುದ್ದಿಯನ್ನು ನಿಜವಾಗಿ ಕೇಳಿಸಿಕೊಂಡದ್ದು ಅವತ್ತೇ.

ಊರಿಗೆ ಇದೊಂದೂ ಗೊತ್ತಿಲ್ಲ. ಊರಿಗೆ ಗೊತ್ತಿದ್ದದ್ದು ಗುರುವಾರದ ಟೀ ಮಾತು ಮಾತ್ರ. ಒಂಬತ್ತು ದಿನ ಜನ ಗುಡ್ಡ ಹತ್ತಿ ಬಂದು ಮೇಡಂಗೆ ಛೀ ಥೂ ಅಂದರು, ಕೆಲವರು ಸಮಾಧಾನ ಹೇಳಿದರು, ತೂತಿನ ಪಾತ್ರೆಯಲ್ಲಿ ಸಾರು ಸುರಿಸಿಕೊಂಡವರೆಲ್ಲ ಈಗ ವಿಶಾಲಾಕ್ಷಿಯಮ್ಮ ನಮ್ಮ ಮನೆಗೆ ಬಂದು ಕೂರಲಿ ಅಂತ ಹಟ ಹಿಡಿದರು. ಮೇಡಂ ಎಲ್ಲರಿಗೂ ಹೌದು ಹೌದು ಅಂತ ತಲೆ ಆಡಿಸುತ್ತಾ, ಒಳಗೊಳಗೇ ನಗುತ್ತಿದ್ದರು. ಅಕ್ಕ ಹಿಂದಿನ ಕೋಣೆಯಲ್ಲಿ ಕೂತು ಮರುದಿನದ ವಾರ್ತೆ ತಿದ್ದುತ್ತಿದ್ದರು. ಇಂಥ ಗುಟ್ಟನ್ನು ಒಂಬತ್ತು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಂಥವನಿಗೆ ಎಷ್ಟು ಕಷ್ಟ ಅಂತ ಯಾರೂ ಕೇಳಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ನಿಲಯಕ್ಕೆ ಟೇಪು ಹಾಕಿ ಮೂವರೂ ವಿಶಾಲಾಕ್ಷಿಯಮ್ಮನ ಮನೆಯಲ್ಲಿ ಕೂತೆವು. ಅಕ್ಕ ಒಲೆ ಹಚ್ಚಿ ಹಾಲಿಟ್ಟರು, ರೇಡಿಯೋವನ್ನು ಅಡುಗೆಮನೆಗೇ ತಂದಿಟ್ಟರು. ಏಳು ಹೊಡೆಯಿತು. ವಾರ್ತೆಗಳು, ಓದುತ್ತಿರುವವರು ವಿಶಾಲಾಕ್ಷಿ. ಬೀದಿಯ ಎರಡೂ ಕಡೆ ಬಾಗಿಲುಗಳು ತೆರೆದುಕೊಂಡವು, ಜನ ಪಾತ್ರೆಪಗಡೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. ಒಳಗೆ ಅಕ್ಕ ತಂಗಿ ಇಬ್ಬರೂ ಪಾತ್ರೆಯ ಮೇಲೆ ಬಗ್ಗಿ ಹಾಲನ್ನೇ ನೋಡುತ್ತಿದ್ದರು. ಕೆನೆ ಕಟ್ಟಿತು, ಅಂಚಿನಲ್ಲಿ ಗುಳ್ಳೆ ಎದ್ದಿತು. ಅಜ್ಜಿಯ ಸಾವಿನ ಸುದ್ದಿ ಬಂತು. ಇಲ್ಲಿ ಉಸಿರು ನಿಲ್ಲಿಸಿದೆ ನೋಡು ಅಂತ ಅಕ್ಕ ಒಲೆಯ ಎದುರೇ, ಬಾಯಿ ತುಂಬ, ತಂಗಿಗೆ ಹೇಳಿದರು. ತಂಗಿ ಅಕ್ಕನ ಮುಖ ನೋಡಿದರು. ಒಲೆ ಉರಿ ತಗ್ಗಿಸಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ, ನನಗಂತೂ ಮೊದಲೇ ಇಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಮನೆಯಿಡೀ ಸೀದ ವಾಸನೆ. ಉಳಿದದ್ದನ್ನು ಅಕ್ಕ ಬಗ್ಗಿಸಿ, ಸೌಟಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಒಡೆದಿರಲಿಲ್ಲ. ಮೂರು ಲೋಟ ಕಾಫಿಗೆ ಸಾಲುವಷ್ಟಿತ್ತು.